ತಾಯವ್ವನ ಮದುವೆ ಹುಡುಕಿಕೊಂಡು

ಹುಬ್ಬಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟು ವಿಜಯಪುರದಲ್ಲಿ ಇಳಿದಾಗ ಮಧ್ಯಾಹ್ನವಾಗಿತ್ತು. ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ, ಆದ್ದರಿಂದ ಸುಮಾರು ಇನ್ನೂರು ಕಿಲೋಮೀಟರಿಗೆ ನನ್ನ ಖರ್ಚು ಒಂದು ಬಾಟಲಿ ನೀರು. ಸೊಂಟ ತೆತ್ತ ಬೆಲೆ ಬೇರೆ. ಹಿರಿಯರಿಗೆ ಎಡೆ ಹಿಡಿಯುವ ಮಾನಮಿ ಅಮಾಸಿ ಹತ್ತಿರ ಬಂದಿದ್ದರೂ ಬಿಸಿಲು ಬೇಸಿಗೆಯದೇ.

ಹೊರಟದ್ದು ಬಬಲೇಶ್ವರದ ನನ್ನ ಸೋದರತ್ತೆ ಗಂಗವ್ವನ ಸಲುವಾಗಿ. ಗಂಡ ತೀರಿದ ಮೇಲೆ ತವರಿಗೇ ಬಂದು ಉಳಿದವಳು, ಈಗ ಎಂಬತ್ತು ದಾಟಿದ್ದಾಳೆ. ಆ ಮನೆಯಲ್ಲಿ ಅಮಾವಾಸ್ಯೆಯ ದಿನ, ಮುತ್ತೈದೆಯಾಗಿ ತೀರಿದ ಹಿರಿಯರ ಹೆಸರಿನಲ್ಲಿ ದೇವರ ಮುಂದೆ ಹೊಸ ಸೀರೆ ಇಟ್ಟು ಪೂಜಿಸುತ್ತಾರೆ. ಅತ್ತೆಯ ಮುತ್ತಜ್ಜನ ಹೆಂಡತಿಯೆಂದು ಸೀರೆ ಸಲ್ಲುವುದು ಮಕ್ಕಳಿಲ್ಲದೆ ಹೋದ ಒಬ್ಬಳಿಗೆ. ಅವನ ಮಕ್ಕಳನ್ನೆಲ್ಲ ಹೆತ್ತ ತಾಯವ್ವನಿಗೆ ಸೀರೆ ಇಲ್ಲ. ಅವಳು ಇಟ್ಟುಕೊಂಡವಳಂತೆ. ನಾವೆಲ್ಲ ಅವಳ ಹೊಟ್ಟೆಯಿಂದ ಬಂದವರು, ಆದರೂ ಹಾಗೆನ್ನಲು ನಮ್ಮ ನಾಲಿಗೆ ತಡವರಿಸಲಿಲ್ಲ. ಸಾಯುವುದರೊಳಗೆ ತಾಯವ್ವನ ಹೆಸರಿನ ಸೀರೆ ಕಣ್ಣಿಂದ ನೋಡಬೇಕೆಂಬುದು ಅತ್ತೆಯ ಒಂದೇ ಹಟ. ಇಂಗ್ಲಿಷರ ಕಚೇರಿ ವಿಜಯಪುರಕ್ಕೆ ಬಂದ ಹೊಸತರಲ್ಲಿ ಮುತ್ತಜ್ಜ ಅಲ್ಲಿ ಕಾರಕೂನನಾಗಿದ್ದ, ಆಗ ತಾಯವ್ವನ ಜೊತೆ ಅಲ್ಲಿನ ಚರ್ಚಿನಲ್ಲಿ ಮದುವೆಯಾಗಿತ್ತು ಎಂಬ ಪಿಸುಮಾತನ್ನು ಅವಳು ಚಿಕ್ಕಂದಿನಲ್ಲಿ ಕೇಳಿದ್ದಳು.

ಗಾಂಧಿ ಚೌಕದ ಗದ್ದಲದಲ್ಲಿ ಸೂಸಲಾ, ಮಿರ್ಚಿ ತಿಂದು ಆಟೊ ಹಿಡಿದೆ. ಎಂಬತ್ತು ರೂಪಾಯಿ ಕೇಳಿದವನು ಅರವತ್ತಕ್ಕೆ ಒಪ್ಪಿ, ದಾರಿಯುದ್ದಕ್ಕೂ ಗೊಣಗಿದ. ಚರ್ಚಿನ ಪಾದ್ರಿಗಳು ನನ್ನನ್ನು ಅನುಮಾನದಿಂದಲೇ ಕೂರಿಸಿದರು.

‘ಹಳೇ ಮದುವಿ ಪುಸ್ತಕಾ ಕೇಳಕೋತ ಬರೋರು ಎರಡ ಥರಾ ರಿ. ಆಸ್ತಿ ತಕರಾರಿನವರು, ಇಲ್ಲಾ ಪರದೇಶದಿಂದ ಮುತ್ತಜ್ಜನ್ನ ಹುಡುಕಾಕ ಬಂದವರು. ನೀವು ಯಾತಕ್ಕ ಬಂದೀರಿ?’

‘ಒಂದ ಸೀರಿ ಸಲುವಾಗಿ ಬಂದೇನ್ರಿ,’ ಎಂದೆ. ಎಲ್ಲ ಹೇಳಿದ ಮೇಲೆ ಅವರು ನಕ್ಕು ಬೀರು ತೆಗೆದರು.

ಸಂಜೆಯ ಹೊತ್ತಿಗೆ ಸಿಕ್ಕಿತು. ಚರ್ಚು ಕೊಟ್ಟ ಹೊಸ ಹೆಸರಿನ ಪಕ್ಕದಲ್ಲೇ ಹಳೆಯ ಹೆಸರು: ತಾಯವ್ವ. ವಯಸ್ಸು, ಊರು ತಿಕೋಟಾ, ಅಪ್ಪನ ಹೆಸರು, ಅಪ್ಪನ ಕಸುಬು ಎಣ್ಣೆಗಾಣ. ಸಹಿಯ ಜಾಗದಲ್ಲಿ ಒಂದು ಗೀಟು. ಮುತ್ತಜ್ಜನ ಹೆಸರಿನ ಮುಂದೆ ‘ಅವಿವಾಹಿತ’ ಎಂದಿತ್ತು. ಅಂದರೆ ಮೊದಲ ಹೆಂಡತಿ ಇವಳೇ, ಸೀರೆ ಉಟ್ಟುಕೊಂಡು ಕುಳಿತವಳು ಎರಡನೆಯವಳು. ಒಬ್ಬ ಹೆಣ್ಣಿನ ಬಗ್ಗೆ ಇಷ್ಟೊಂದನ್ನು ಪರದೇಶದ ಪಾದ್ರಿ ಬರೆದಿಟ್ಟಿದ್ದ, ನಮ್ಮ ಮನೆಯವರು ಒಂದು ಗಾದೆಯಷ್ಟೂ ಉಳಿಸಿರಲಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಪಾದ್ರಿಗಳು ಮುದ್ರೆ ಒತ್ತಿ ನಕಲು ಕೊಟ್ಟರು.

ಮರುದಿನ ತಿಕೋಟಾಕ್ಕೆ ಹೋದೆ. ದಾರಿಯಲ್ಲಿ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿಯ ತಗಡಿನ ಶೆಡ್ಡುಗಳು. ಗಾಣ ಹೋಗಿ ಕಾಲವಾಗಿದ್ದರೂ ‘ಗಾಣದ ಮನಿ’ ಎಂದರೆ ಊರವರು ತೋರಿಸಿದರು. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಮುದುಕಿಗೆ ತಾಯವ್ವನ ಹೆಸರು ಹೇಳಿದೆ. ಕೈ ನಿಂತಿತು.

‘ಆ ಹೆಸರ ಈ ಮನ್ಯಾಗ ಎತ್ತಬ್ಯಾಡ ಯವ್ವಾ. ಆಕಿ ಚರ್ಚಿಗೆ ಹೋದ ಸುದ್ದಿ ಕೇಳಿ ಅವರಪ್ಪ ಊರ ಕರದು ಆಕಿ ದಿನಾ ಮಾಡ್ಯಾನಂತ. ಸತ್ತಾಕಿಗೆ ಮದುವಿ ಎಲ್ಲಿಂದ ಬರತೈತಿ?’

ಬದುಕಿದ್ದ ಮಗಳ ತಿಥಿ ಊಟ ಉಂಡ ಮನೆ ಅದು. ಅಷ್ಟು ಹೇಳಿದವಳೇ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ ‘ಉಂಡ ಹೋಗ’ ಎಂದಳು. ಹಸಿದಿದ್ದೆ, ಉಂಡೆ.

ಬಬಲೇಶ್ವರ ಮುಟ್ಟಿದಾಗ ಇಳಿಹೊತ್ತು. ಮನೆಯ ಯಜಮಾನ ಈಗ ಮಲ್ಲಣ್ಣ, ನನ್ನ ದೊಡ್ಡಪ್ಪನ ಮಗ, ಹೈಸ್ಕೂಲಿನ ಹೆಡ್‌ಮಾಸ್ತರ. ಅತ್ತೆಯ ಎದುರಿಗೇ ನಕಲನ್ನು ಅವನ ಕೈಗಿಟ್ಟೆ. ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು. ಮಲ್ಲಣ್ಣ ಎರಡು ಸಲ ಓದಿದ.

‘ಅಂದ್ರ ಆಕಿ ಜಾತಿ ಬಿಟ್ಟಾಕಿ,’ ಎಂದ. ‘ಚರ್ಚಿನ್ಯಾಗ ಮದುವಿ ಆದಾಕಿ ನಮ್ಮ ದೇವರ ಮುಂದ ಹ್ಯಾಂಗ ಕುಂಡ್ರತಾಳ ಅಕ್ಕಾ? ಇಷ್ಟ ವರ್ಷ ಮೂಲ್ಯಾಗ ಆಕಿ ಹೆಸರಲೇ ಒಂದ ಕುಪ್ಪಸದ ಖಣಾ ಇಡತಿದ್ವಿ. ಗೊತ್ತಿದ್ದರ ಅದನ್ನೂ ಇಡತಿರಲಿಲ್ಲ.’

‘ಅಜ್ಜನೂ ಅದ ಚರ್ಚಿನ್ಯಾಗ ಆಕಿ ಬಾಜೂಕ ನಿಂತಾನಲ್ಲೋ? ಅವಗ ಎಡಿ ಹಿಡಿಯೂದು ಬಿಡತಿಯೇನು?’ ಎಂದು ಕೇಳಿದೆ.

‘ಅಂವಾ ಗಂಡಸು. ಶುದ್ಧ ಮಾಡಿಸಿಕೊಂಡು ಒಳಗ ಬಂದಾನ.’

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾನು ಕೂಗಾಡಿದೆ, ಮಾಸ್ತರಿಕೆಗೆ ಬೆಂಕಿ ಬೀಳಲಿ ಎಂದೆ. ಅವನು ಚಹಾ ತರಿಸಿದ. ಮದುವೆಯಾಗಿತ್ತು ಎಂದು ತೋರಿಸಿದರೆ ಸಾಕು, ಮರ್ಯಾದೆ ತಾನಾಗಿ ಬರುತ್ತದೆ ಎಂದುಕೊಂಡಿದ್ದೆ. ಅರವತ್ತು ವರ್ಷ ಈ ಜನರ ನಡುವೆ ಬದುಕಿದವಳಿಗೆ ಅಷ್ಟೂ ಬುದ್ಧಿ ಬೇಡವೇ?

ಅಮಾವಾಸ್ಯೆ ಮುಗಿಸಿಕೊಂಡೇ ಹೊರಟೆ. ದೇವರ ಕೋಣೆಯಲ್ಲಿ ಎರಡನೆಯವಳಿಗೆ ಹಸಿರು ಇಲಕಲ್ ಸೀರೆ ಇಟ್ಟಿದ್ದರು. ಮುತ್ತಜ್ಜನಿಗೆ ಹೋಳಿಗೆ, ತುಪ್ಪ ಎಡೆ ಹಿಡಿದರು. ಮೂಲೆಯನ್ನು ಸಾರಿಸಿ ಬರಿದು ಬಿಟ್ಟಿದ್ದರು.

ಅತ್ತೆ ನನ್ನನ್ನು ಬಸ್ಸಿಗೆ ಕಳಿಸಲು ಕೋಲೂರಿ ಬಂದಳು. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. ಬಸ್ಸು ಬಂದು ನಿಂತ ಮೇಲೆ ನನ್ನ ಕೈ ಹಿಡಿದಳು.

‘ಇಟಗೊಂಡಾಕಿ ಅಂದಾಗ ಮನ್ಯಾಗರೆ ಇದ್ದಳ ಬೇ,’ ಎಂದಳು. ‘ಹೆಂಡತಿ ಅಂತ ಗೊತ್ತಾಗಿ ಹೊರಗ ಬಿದ್ದಳು.’