ಯೇಸಪ್ಪನ ಪಂಕ್ತಿ

ಮೋಟಾರಿನ ಬಿಡಿಭಾಗ ಹುಡುಕಿಕೊಂಡು ರಾಬರ್ಟ್‌ಸನ್‌ಪೇಟೆಯ ಗುಜರಿ ಅಂಗಡಿಗೆ ಹೋದ ನಮ್ಮಪ್ಪ, ಅದು ಸಿಗದೆ, ಅಂಗೈಯಗಲದ ಕಂಚಿನ ಫಲಕವೊಂದನ್ನು ತಂದರು. ಬರಿಗೈಲಿ ಮನೆಗೆ ಬರುವುದು ಅವರ ಜಾಯಮಾನಕ್ಕೆ ಒಗ್ಗದು. ಅಜ್ಜಿ ಹುಣಸೆಹಣ್ಣು ಹಚ್ಚಿ ಉಜ್ಜಿದಳು. ಕಿಲುಬು ಹೋದ ಮೇಲೆ ಉಬ್ಬುಚಿತ್ರ ಎದ್ದು ಕಂಡಿತು: ಉದ್ದನೆಯ ಮೇಜು, ಅದರ ಹಿಂದೆ ಒಂದೇ ಸಾಲಾಗಿ ಕೂತ ಗಡ್ಡದ ಗಂಡಸರು, ನಡುವೆ ತಲೆಯ ಸುತ್ತ ಪ್ರಭೆಯಿರುವ ಒಬ್ಬ.

ಯೇಸುವಿನ ಕಡೆಯ ಭೋಜನವೆಂದು ನನಗೆ ನೋಡಿದ ಕೂಡಲೇ ತಿಳಿಯಿತು. ಹೇಳಲಿಲ್ಲ. ನಮ್ಮ ಮನೆಯಲ್ಲಿ ಗೊತ್ತಿದ್ದವರು ಬಾಯಿ ಬಿಟ್ಟರೆ ಗೊತ್ತಿಲ್ಲದವರಿಗೆ ಬೇಜಾರಾಗುತ್ತದೆ, ಅವರೇ ಜಾಸ್ತಿ ಜನ.

"ಪಂಕ್ತಿ ಊಟ ಕಣಮ್ಮಿ," ಎಂದಳು ಅಜ್ಜಿ. "ಎಷ್ಟ್ ಲಕ್ಷಣವಾಗಿ ಒಂದೇ ಕಡೆ ಕುಂತವ್ರೆ ನೋಡು. ಬಡಿಸೋರು ಓಡಾಡಕ್ಕೆ ಎದುರುಗಡೆ ಜಾಗ ಬಿಟ್ಟವ್ರೆ." ಕಲಾಪಂಡಿತರಿಗೆ ಇಷ್ಟು ಸರಳವಾದ ಕಾರಣ ಹೊಳೆದಿತ್ತೋ ಇಲ್ಲವೋ. ಸಾಲಿನಲ್ಲಿ ಒಬ್ಬ ಮಾತ್ರ ಮುಖ ತಿರುಗಿಸಿಕೊಂಡು ಚೀಲವೊಂದನ್ನು ಹಿಡಿದಿದ್ದ. "ಇವ್ನು ಮದ್ವೇಲಿ ಮುಯ್ಯಿ ಬರ್ಕೊಳ್ಳೋನು. ಪಾಪ, ಎಲ್ರೂ ಉಂಡ ಮ್ಯಾಕೇ ಇವ್ನಿಗೆ ಊಟ." ಫಲಕ ದೇವರ ಗೂಡು ಸೇರಿತು. ದಿನಾ ಎಲ್ಲರಿಗೂ ಕುಂಕುಮ; ಚೀಲದವನಿಗೆ ಒಂದು ಬೊಟ್ಟು ಜಾಸ್ತಿ.

ಅವಳ ಬೇಡಿಕೆಯೂ ಪಂಕ್ತಿಯದೇ. ಬಂಗಾರಪೇಟೆಯ ಛತ್ರದಲ್ಲಿ ಮಗಳ ಮದುವೆ ಮಾಡಿದ ಚಿಕ್ಕಪ್ಪ, ಎಲೆಯ ಮುಂದೆ ಕೂತಿದ್ದ ಸ್ವಂತ ಅಣ್ಣನನ್ನು, ಅಂದರೆ ನಮ್ಮಪ್ಪನನ್ನು, ಎಬ್ಬಿಸಿ, "ಬೀಗ್ರು ಕೂರ್ಲಿ, ನೀನು ಮುಂದಿನ ಪಂಕ್ತಿಗೆ ಬಾ" ಎಂದುಬಿಟ್ಟರು. ಅಪ್ಪ ನೇರ ಹೊರಗೆ ಹೋಗಿ, ಜರಿಪಂಚೆಯಲ್ಲೇ ಪಾನಿಪೂರಿ ಗಾಡಿಯ ಮುಂದೆ ನಿಂತು ಹೊಟ್ಟೆ ತುಂಬಿಸಿಕೊಂಡು ಊರಿಗೆ ಬಂದರು. ಆಮೇಲೆ ಅಣ್ಣ ತಮ್ಮ ಒಟ್ಟಿಗೆ ಕೂತು ಉಣ್ಣಲಿಲ್ಲ. ಅಕ್ಕಪಕ್ಕದ ಮನೆ, ಎರಡೂ ಮನೆಯ ಹಾಲು ಒಂದೇ ಗಾಡಿಯಲ್ಲಿ ಡೈರಿಗೆ ಹೋಗುತ್ತಿತ್ತು, ಹಸುಗಳಿಗೆ ಜಗಳವಿರಲಿಲ್ಲ. ಹಬ್ಬ ಬಂದರೆ ಅಜ್ಜಿ ಎರಡು ಕಡೆಯೂ ಎಲೆ ಹಾಕಿಸಿಕೊಂಡು, ಎರಡು ಕಡೆಯೂ ಅರ್ಧಂಬರ್ಧ ಉಂಡು ಏಳುತ್ತಿದ್ದಳು. "ನಾನ್ ಕಣ್ಮುಚ್ಚೋದ್ರೊಳಗೆ ಇಬ್ರೂ ಅಕ್ಕಪಕ್ಕ ಕುಂತು ಉಣ್ಲಪ್ಪಾ" ಎಂದು ಅವಳು ಫಲಕಕ್ಕೆ ಕೈಮುಗಿಯುವಾಗ ಮಾತ್ರ ನನಗೆ ನಗು ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಅಜ್ಜಿಯನ್ನು ತಮಿಳಿನಲ್ಲಿ ಪಾಟಿ ಎಂದೇ ಕರೆಯುವ ಚಾಂಪಿಯನ್ ರೀಫ್ಸ್‌ನ ಟೈಲರಮ್ಮ ಅವಳ ರವಿಕೆ ಹೊಲಿದು ತಂದರು. ದೇವರ ಗೂಡು ನೋಡಿದವರೇ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. "ಐಯೋ ಪಾಟಿ, ಇದು ನಮ್ಮ ಯೇಸಪ್ಪ ಅಲ್ವಾ!"

"ಯೇಸಪ್ಪಾನಾ? ಯಾವೂರೋನಮ್ಮಾ?" ಊರ ತುಂಬ ಅಪ್ಪ ಎಂದು ಮುಗಿಯುವ ಹೆಸರುಗಳೇ ಇರುವಾಗ, ಅಜ್ಜಿಗೆ ಇವನೂ ಕಾಮಸಮುದ್ರದ ಕಡೆಯವನೇ ಇರಬೇಕು ಅನ್ನಿಸಿತ್ತು.

ನಮ್ಮ ಕರುವಿಗೆ ಹುಷಾರಿಲ್ಲವೆಂದು ನೋಡಲು ಬಂದಿದ್ದ ಚಿಕ್ಕಪ್ಪನ ಕಿವಿಗೆ ಅದು ಬಿತ್ತು. ಅವರು ವಾಟ್ಸಾಪಿನಲ್ಲಿ ಹಗಲಿರುಳು ಧರ್ಮ ಕಾಯುವವರು. "ಕಿರಿಸ್ತಾನ್ರ ದೇವ್ರಾ? ತಗ್ದು ಆಚೆಗಾಕವ್ವಾ!"

"ನಾನ್ ತಂದಿದ್ದು. ಅಲ್ಲೇ ಇರ್ತದೆ," ಎಂದರು ಅಪ್ಪ. ಚಿಕ್ಕಪ್ಪ ಬೇಡವೆಂದ ಗಳಿಗೆಯಿಂದ ಅವರು ಯೇಸಪ್ಪನ ಪರಮಭಕ್ತರಾಗಿದ್ದರು.

ಅಜ್ಜಿಗೆ ಇವರ ಗಲಾಟೆ ಬೇಕಿರಲಿಲ್ಲ. "ಅದಿರ್ಲಿ, ಈ ಚೀಲದೋನ್ ಯಾರಮ್ಮಾ?"

"ಅವನಾ? ದುಡ್ಡು ತಗೊಂಡು ಯೇಸಪ್ಪನ್ನ ಹಿಡಿದುಕೊಟ್ಟ ದ್ರೋಹಿ, ಪಾಟಿ."

ಚೀಲದವನಿಗೆ ತಾನೇ ಬಳಿದ ಕುಂಕುಮವನ್ನು ಅಜ್ಜಿ ಬಗ್ಗಿ ನೋಡಿದಳು. "ಯೇಸಪ್ಪಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಪಂಕ್ತೀಲಿ ಕೂರ್ಸ್ಕೊಂಡ್ನಾ?"

"ಕೂರ್ಸ್ಕೊಂಡು, ತಮ್ಮ ಕೈಯಿಂದಾನೇ ರೊಟ್ಟಿ ಕೊಟ್ಟರು."

ಅಜ್ಜಿ ಮಕ್ಕಳ ಕಡೆ ತಿರುಗಿದಳು. "ಕೇಳಿಸ್ಕೊಂಡ್ರೇನ್ರಲಾ? ಇಡ್ಕೊಟ್ಟೋನಿಗೂ ಅಲ್ಲಿ ಜಾಗ ಐತೆ. ನಮ್ಮನೇಲಿ ಒಡಹುಟ್ಟಿದೋನಿಗೇ ಇಲ್ಲ."

ಅಪ್ಪನೂ ಚಿಕ್ಕಪ್ಪನೂ ಒಟ್ಟಿಗೇ ಬಾಯಿಬಿಟ್ಟರು: "ನಮ್ಮಿಬ್ರಲ್ಲಿ ಚೀಲದೋನ್ ಯಾರವ್ವಾ?"

"ಮೊದ್ಲು ಉಣ್ರಲಾ. ಉಂಡ ಮ್ಯಾಕೆ ಯೋಳ್ತೀನಿ."

ಇನ್ನೊಬ್ಬನ ಹೆಸರು ಕೇಳುವ ಆಸೆಗೆ ಇಬ್ಬರೂ ಕೂತರು, ಅಕ್ಕಪಕ್ಕ. ಅಜ್ಜಿ ಮುದ್ದೆ ಇಟ್ಟು ಹುರುಳಿ ಸಾರು ಬಿಡುವಾಗ ತಟ್ಟೆ ಬಿಟ್ಟು ಮಕ್ಕಳನ್ನೇ ನೋಡುತ್ತಿದ್ದುದರಿಂದ ಅರ್ಧ ನೆಲಕ್ಕೆ ಚೆಲ್ಲಿತು. ನಾನು ಒರೆಸುವ ನೆಪದಲ್ಲಿ ತಲೆ ಬಗ್ಗಿಸಿಕೊಂಡೆ; ಅಳು ಬಂದಿತ್ತು.

ಕೈ ತೊಳೆದುಕೊಂಡು ಬಂದ ಅಪ್ಪ ಕೇಳಿದರು, "ಈಗ ಯೋಳವ್ವಾ."

"ನಾಳಿಕ್ ಯೋಳ್ತೀನಿ," ಎಂದಳು ಅಜ್ಜಿ. "ಇಬ್ರೂ ಊಟಕ್ ಬನ್ರಲಾ."