ಬಿದ್ದ ಮೇಲೆ ತನ್ನಿ

ಲಾಯಿಲದ ಶಶಿಪ್ರಭಾ ಮೊದಲು ಗೂಡ್ಸ್ ರಿಕ್ಷಾ ಓಡಿಸುತ್ತಿದ್ದವಳು. ಅದು ಗಂಡಸರ ಕೆಲಸ ಎಂದು ಬೆಳ್ತಂಗಡಿ ಪೇಟೆ ತೀರ್ಮಾನಿಸಿದ್ದ ಕಾಲದಲ್ಲೇ ಗೊಬ್ಬರದ ಚೀಲ, ಗ್ಯಾಸ್ ಸಿಲಿಂಡರ್, ಮದುವೆ ಮನೆಯ ಪಾತ್ರೆ ಎಲ್ಲವನ್ನೂ ಹೇರಿಕೊಂಡು ಓಡಾಡಿದಳು. ಆಮೇಲೆ ಮರ ಹತ್ತಿ ಅಡಿಕೆಗೆ ಕೊಳೆರೋಗದ ಮದ್ದು ಬಿಡುವವರು ಸಿಗದೆ ಊರಿಗೆ ಊರೇ ತಲೆಮೇಲೆ ಕೈಹೊತ್ತು ಕೂತಾಗ, ತರಬೇತಿಗೆ ಹೋಗಿ ಲೈಸೆನ್ಸ್ ಮಾಡಿಸಿಕೊಂಡು ಮದ್ದು ಸಿಂಪಡಿಸುವ ಡ್ರೋನ್ ತಂದಳು. ಅದೇ ರಿಕ್ಷಾದ ಹಿಂದೆ ಈಗ ಡ್ರೋನ್ ಕೂತಿತು. ಹಿಂದೆ ಅವಳನ್ನು ನೋಡಿ ನಕ್ಕವರೇ ಸರದಿಯಲ್ಲಿ ನಿಂತು ಫೋನ್ ಮಾಡತೊಡಗಿದರು.

ತೋಟದ ಗಡಿಯನ್ನು ಒಮ್ಮೆ ಗುರುತು ಮಾಡಿಕೊಟ್ಟರೆ ಸಾಕು, ಒಳಗಿರುವ ಆಟೋಪೈಲಟ್ ಎಂಬ ಸಣ್ಣ ಡಬ್ಬಿ ಯಂತ್ರವನ್ನು ತಾನಾಗಿಯೇ ಸಾಲು ಸಾಲು ಹಾರಿಸಿ, ಮದ್ದು ಮುಗಿದಾಗ ಹೊರಟಲ್ಲಿಗೇ ತಂದಿಳಿಸುತ್ತದೆ. ಈ ವರ್ಷ ಆಟಿ ತಿಂಗಳ ಜಡಿಮಳೆ ನಡುವೆ ಬಿಡುವು ಕೊಟ್ಟು, ಎಲ್ಲರಿಗೂ ಒಟ್ಟಿಗೇ ಮದ್ದು ಬಿಡಬೇಕಾಗಿದ್ದ ಹೊತ್ತಿಗೆ ಕಂಪೆನಿಯಿಂದ ಮೆಸೇಜು ಬಂತು. ನಿಮ್ಮ ಯಂತ್ರದ ಜೊತೆ ತಯಾರಾದ ಆಟೋಪೈಲಟ್‌ಗಳಲ್ಲಿ ದೋಷ ಕಂಡಿದೆ, ಹಾರುವಾಗ ದಿಕ್ಕು ತಪ್ಪಬಹುದು, ವಾರಂಟಿಯಲ್ಲಿ ಉಚಿತವಾಗಿ ಬದಲಾಯಿಸಿಕೊಳ್ಳಿ. ಅವಳು ಕೂಡಲೇ ಮೂಡುಬಿದಿರೆಯ ಡೀಲರ್ ಜಯಪ್ರಕಾಶನಿಗೆ ಫೋನ್ ಮಾಡಿದಳು.

"ಅಯ್ಯೋ ಅಕ್ಕ, ಅದು ಕಂಪೆನಿಯವರು ಎಲ್ಲರಿಗೂ ಕಳಿಸುವುದು," ಎಂದು ನಕ್ಕ ಅವನು. "ಈಗ ಸೀಸನ್. ಸ್ಟಾಕೂ ಇಲ್ಲ. ದೀಪಾವಳಿ ಕಳೀಲಿ, ಬದಲಾಯಿಸಿ ಕೊಡ್ತೇನೆ. ವಾರಂಟಿ ಉಂಟಲ್ಲ, ಹೆದರುದು ಯಾಕೆ?"

"ಅಲ್ಲಿವರೆಗೆ?"

"ಹಾರಿಸಿ ಮಾರಾಯ್ರೆ. ಏನೂ ಆಗುದಿಲ್ಲ."

ಏನೂ ಆಗುವುದಿಲ್ಲವಂತೆ! ಹೇಳುವವನು ಎಸಿ ಹಾಕಿಕೊಂಡು ಅಂಗಡಿಯಲ್ಲಿ ಕೂತಿರುತ್ತಾನೆ, ಯಂತ್ರ ಹಾರುವುದು ಇನ್ಯಾರದೋ ತಲೆಯ ಮೇಲೆ. ಆದರೂ ಶಶಿಪ್ರಭಾ ಅರೆಮನಸ್ಸಿನಲ್ಲಿ ನಂಬಿದಳು. ಕಾಯುತ್ತಿದ್ದವರ ಫೋನು ನಿಲ್ಲುತ್ತಿರಲಿಲ್ಲ, ಆಕಾಶ ಎಷ್ಟು ದಿನ ತೆರೆದಿರುತ್ತದೋ ಯಾರಿಗೂ ಗೊತ್ತಿರಲಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಲೇಬೇಕು. ಮದ್ದು ಬಿಡಲು ಬಂದವರು ಏನಾದರೂ ತಿನ್ನದೆ ಅಂಗಳ ದಾಟುವ ಹಾಗಿಲ್ಲ. ಹಿಂದೆ ಮರ ಹತ್ತುವವರು ಕೆಳಗಿಳಿದ ಮೇಲೆ ಕರೆಯುತ್ತಿದ್ದರು. ಡ್ರೋನ್ ಬಂದ ಮೇಲೆ ಅದು ಮೇಲೇರಿದ ಕೂಡಲೇ ಕರೆಯುತ್ತಾರೆ, ಇನ್ನು ನಿನಗೆ ಕೆಲಸ ಇಲ್ಲವಲ್ಲ ಎಂದು. ರಿಮೋಟ್ ಕೆಳಗಿಡಬಾರದು ಎಂದು ತರಬೇತಿಯಲ್ಲಿ ಕಲಿಸಿದ್ದರು, ಹೌದು. ಕಲಿಸಿದವರು ಈ ಊರಿನ ಜಗಲಿಯಲ್ಲಿ ಕೂತು ಬೇಡ ಎಂದು ಹೇಳಿ ನೋಡಿದವರಲ್ಲ. ಬೇಡ ಎಂದರೆ ಆ ಮನೆಯವರು ಎರಡು ವರ್ಷ ಮುಖ ಕೊಟ್ಟು ಮಾತಾಡುವುದಿಲ್ಲ.

ಅಂದು ಪೂವಮ್ಮನ ಮನೆ. ವಯಸ್ಸಾದ ಹೆಂಗಸು, ಕಿವಿ ಮಂದ, ಕೂತಲ್ಲಿ ಕೂರುವ ಜಾತಿಯಲ್ಲ. ಅಕ್ಕಿ ಕಡುಬಿನ ಉಂಡೆಯಂಥ ಪುಂಡಿ, ಚಾ ಕೊಟ್ಟು ತಾನು ಉದುರಿದ ಅಡಿಕೆ ಹಾಳೆ ಹೆಕ್ಕಲು ಹಿತ್ತಲಿಗೆ ಹೋದಳು. ಹಿತ್ತಲು ಗುರುತು ಮಾಡಿದ ಗಡಿಯಿಂದ ಹೊರಗೇ ಇತ್ತು. ಶಶಿಪ್ರಭಾ ಎರಡನೆಯ ಪುಂಡಿ ಮುರಿಯುವಷ್ಟರಲ್ಲಿ ಡ್ರೋನಿನ ಸದ್ದು ಬದಲಾಯಿತು. ತಲೆಯೆತ್ತಿದರೆ ಯಂತ್ರ ಸಾಲು ಬಿಟ್ಟಿದೆ, ಕೊಟ್ಟಿಗೆಯ ಮಾಡು ದಾಟಿದೆ, ಹಿತ್ತಲಿನ ಮೇಲೆ ಕೆಳಗಿಳಿಯುತ್ತಿದೆ! ತಟ್ಟೆ ಬಿಸಾಡಿ ರಿಮೋಟ್ ಎತ್ತಿಕೊಂಡು ಓಡಿದಳು. ತಿರುಗಿಸಿದಳು, ಎಳೆದಳು, ಅದು ಕೇಳಲಿಲ್ಲ. ಪರದೆಯಲ್ಲಿ ಮಾತ್ರ ಎಲ್ಲ ಸರಿ ಇದೆ ಎಂಬ ಹಸಿರು ದೀಪ. ತುಂಬಿದ ಟ್ಯಾಂಕಿನ ಆ ಭಾರದ ಯಂತ್ರ, ಬಗ್ಗಿದ್ದ ಪೂವಮ್ಮನ ಬೆನ್ನಿನಿಂದ ಒಂದಾಳು ಎತ್ತರದಲ್ಲಿ ನಿಂತು, ಸೀರೆಯನ್ನೆಲ್ಲ ಹಾರಾಡಿಸಿ, ಏನೋ ನೆನಪಾದಂತೆ ಮೇಲೆದ್ದು ತನ್ನ ಸಾಲಿಗೆ ಹೋಯಿತು.

"ನನಗೂ ಮದ್ದು ಬಿಟ್ಟೆಯಾ ಮಗಾ?" ಮದ್ದಿನ ಮೈಲುತುತ್ತಿಗೆ ಮುಖವಿಡೀ ನೀಲಿಯಾಗಿದ್ದ ಪೂವಮ್ಮ ನಗಾಡಿದಳು. ಶಶಿಪ್ರಭಾಳಿಗೆ ನಗು ಬರಲಿಲ್ಲ. ಪೂವಮ್ಮನ ಮುಖ ತೊಳೆಸಿ, ಅಂಗಳದಲ್ಲೇ ಕೂತು, ಇನ್ನು ಇದನ್ನು ಹಾರಿಸುವುದಿಲ್ಲ ಎಂದು ನಿರ್ಧರಿಸಿದಳು.

ಮರುದಿನ ಕಲ್ಲಡ್ಕದ ಮುಂಡಪ್ಪನವರ ತೋಟದ ಸರದಿ. ಬರುವುದಿಲ್ಲ ಎಂದಾಗ ಅವರು ಫೋನಿನಲ್ಲೇ ಕುದಿದರು. "ನೀನು ಹೀಗೆ ಕೈಕೊಟ್ರೆ ನನ್ನ ಫಸಲು ಕೊಳೆತು ಹೋಗುದಿಲ್ವಾ?"

"ಮದ್ದು ಬಿಡುವಾಗ ನಿಮ್ಮ ತೋಟದಲ್ಲಿ ಕೆಳಗೆ ಯಾರಿರ್ತಾರೆ ಮುಂಡಪ್ಪಣ್ಣ?"

"ಕೆಲಸದವರು ಇರ್ತಾರೆ. ಅದಕ್ಕೇನೀಗ?"

"ಅದಕ್ಕೇ ಬರುದಿಲ್ಲ."

ಅವರು ಬೇರೆಯವರನ್ನು ಕರೆಸುತ್ತೇನೆಂದು ಫೋನ್ ಇಟ್ಟರು. ಇವಳು ಡ್ರೋನನ್ನು ರಿಕ್ಷಾಕ್ಕೆ ಹೇರಿಕೊಂಡು ನೇರ ಮೂಡುಬಿದಿರೆಗೆ ಹೊರಟಳು.

ಜಯಪ್ರಕಾಶನ ಅಂಗಡಿಯಲ್ಲಿ ಹೊಸ ಯಂತ್ರ ನೋಡಲು ಬಂದಿದ್ದ ಇಬ್ಬರು ಗಿರಾಕಿಗಳಿದ್ದರು. ಅವನು ಇವಳ ಕಥೆಯನ್ನು ಕೇಳಿ ಮುಗಿಸಿ, "ಬಿದ್ದಿದೆಯಾ?" ಎಂದ.

"ಇಲ್ಲ."

"ತಿರುಗಿ ಸಾಲಿಗೆ ಹೋಯ್ತಲ್ಲ? ಹಾಗಾದ್ರೆ ಸರಿ ಉಂಟು. ಬಿದ್ದ ಮೇಲೆ ತನ್ನಿ, ಆಗ ನೋಡುವ. ಮತ್ತೆ ಅಕ್ಕ, ರಿಮೋಟ್ ಕೆಳಗಿಟ್ಟು ಪುಂಡಿ ತಿಂತಾ ಇದ್ದೆ ಅಂತ ನೀವೇ ಹೇಳ್ತೀರಿ. ಅದನ್ನು ಕಂಪೆನಿಗೆ ಹೇಳಿದ್ರೆ ನಿಮಗೆ ವಾರಂಟಿಯೇ ಸಿಗುದಿಲ್ಲ."

ಬಿದ್ದ ಮೇಲೆ ತರಬೇಕಂತೆ! ಯಾರ ಮೇಲೆ ಬಿದ್ದ ಮೇಲೆ? ಶಶಿಪ್ರಭಾಳ ಮೈಯೆಲ್ಲ ಉರಿದುಹೋಯಿತು.

"ತಿಂದದ್ದು ಹೌದು, ತಪ್ಪೇ. ರಿಮೋಟ್ ಹಿಡಿದ ಮೇಲೂ ಅದು ನನ್ನ ಮಾತು ಕೇಳ್ಲಿಲ್ಲ, ಅದು ಯಾರ ತಪ್ಪು? ಆ ಹೊಸ ಯಂತ್ರದಲ್ಲಿ ಇರುವ ಆಟೋಪೈಲಟ್ ಡಬ್ಬಿ ಸರಿ ಉಂಟಲ್ಲ, ಅದನ್ನು ತೆಗೆದು ಹಾಕಿ ಕೊಡಿ."

"ಅದು ಮಾರಾಟಕ್ಕೆ ಇರುವುದು."

"ಸರಿ. ನನ್ನದರಲ್ಲಿ ತೊಂದರೆ ಇಲ್ಲ ಅಂತ ಅಲ್ವಾ ನೀವು ಹೇಳುದು? ನಿಮ್ಮ ಅಂಗಳದಲ್ಲೇ ಹಾರಿಸಿ ತೋರಿಸಿ. ಟ್ಯಾಂಕ್ ತುಂಬ ನೀರು ಹಾಕಿ, ಆಟೋಪೈಲಟ್‌ನಲ್ಲೇ."

ಗಿರಾಕಿಗಳು ತಿರುಗಿ ನೋಡಿದರು. ಒಲ್ಲೆ ಎನ್ನುವಂತಿರಲಿಲ್ಲ. ಜಯಪ್ರಕಾಶ ಟ್ಯಾಂಕಿಗೆ ನೀರು ತುಂಬಿಸಿದ, ಅಂಗಳದ ಗಡಿ ಗುರುತು ಮಾಡಿದ, ಗಿರಾಕಿಗಳಿಗೆ ಒಂದು ನಗೆಯನ್ನೂ ಕೊಟ್ಟ. ಬೆರಳು ಗುಂಡಿಯ ಮೇಲಿಟ್ಟವನು ಒತ್ತಲಿಲ್ಲ. ಅಂಗಡಿಯಲ್ಲಿ ಕೆಲಸ ಮಾಡುವ ದೀಪಶ್ರೀಯನ್ನು ಕರೆದು ಕಾರಿನ ಕೀ ತರಿಸಿಕೊಂಡ. ಗಡಿಯ ಹೊರಗೆ, ಮೂಲೆಯಲ್ಲಿ ನಿಲ್ಲಿಸಿದ್ದ ತನ್ನ ಹೊಸ ಕಾರನ್ನು ಹಿಂದಕ್ಕೆ ತೆಗೆದು, ರಸ್ತೆ ದಾಟಿಸಿ, ಆಚೆ ಬದಿಯ ಮರದಡಿ ನಿಲ್ಲಿಸಿ ಬಂದ.

ರಸ್ತೆ ದಾಟಿ ಬಂದವನಿಗೆ ಶಶಿಪ್ರಭಾ ಅಡ್ಡ ನಿಂತಳು.

"ಕಾರು ಯಾಕೆ ತೆಗೆದದ್ದು?"

"ಅದು... ಒಂದು ಜಾಗ್ರತೆಗೆ."

"ನಿಮ್ಮ ಕಾರಿಗೆ ಜಾಗ್ರತೆ!" ಅವಳ ಸ್ವರ ರಸ್ತೆಯ ತನಕ ಕೇಳಿತು. "ನಮಗೆ ದೀಪಾವಳಿ ತನಕ ಹಾರಿಸಿ ಅಂತೀರಿ. ಪೂವಮ್ಮನನ್ನು ನಾನು ಎಲ್ಲಿ ಪಾರ್ಕ್ ಮಾಡ್ಲಿ? ಹೇಳಿ ಮಾರಾಯ್ರೆ, ಎಲ್ಲಿ?"

ಗಿರಾಕಿಗಳಲ್ಲಿ ಒಬ್ಬ ಕೈಯಲ್ಲಿದ್ದ ಡ್ರೋನಿನ ಮಾಹಿತಿ ಪುಸ್ತಿಕೆಯನ್ನು ಮೇಜಿನ ಮೇಲಿಟ್ಟ. ಯಾರೂ ಹೇಳದೆಯೇ ದೀಪಶ್ರೀ ಒಳಗೆ ಹೋಗಿ, ಹೊಸ ಯಂತ್ರದ ರಟ್ಟಿನ ಪೆಟ್ಟಿಗೆಯನ್ನು ಎಳೆದು ಅದರ ಟೇಪು ಕತ್ತರಿಸತೊಡಗಿದಳು.