ಸೇತುವೆ ಮುಂದೆ ಒಡೆದ ಮೊಟ್ಟೆಗಳು

ಊರಿನವರೆಲ್ಲ ಅವರನ್ನು ಕಾವಕ್ಕ ಎಂದೇ ಕರೆಯುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜ್ ಮುಚ್ಚಿ ಕೆಲಸ ಹೋದ ಮೇಲೆ, ಅಡುಗೆಮನೆ ಪಕ್ಕದ ಕೋಣೆಯಲ್ಲಿ ಕಾವುಪೆಟ್ಟಿಗೆ ಇಟ್ಟುಕೊಂಡು ಕೋಳಿಮರಿ ಮಾಡಿಸಿ ಮಾರತೊಡಗಿದವರು ಅವರು. ಕಿವಿ ಮಾತ್ರ ಆಪರೇಟರ್ ಕಿವಿಯೇ. ಚಿಪ್ಪಿನೊಳಗೆ ಮರಿ ಚಿಂವ್ ಎಂದರೆ ಹೊರಗಿನ ಕೋಣೆಯಿಂದಲೇ ಕೇಳಿಸಿಕೊಳ್ಳುತ್ತಿದ್ದರು.

ಆದರೆ ಹುಟ್ಟಿದ ಮರಿಗಳನ್ನು ರಟ್ಟಿನ ಡಬ್ಬಿಯಲ್ಲಿ ಗುಡ್ಡದ ಊರುಗಳಿಗೆ ಕಳಿಸಿದಾಗ ಚಳಿಗೆ ಕೆಲವು ದಾರಿಯಲ್ಲೇ ಸಾಯುತ್ತಿದ್ದವು. ಅದು ಅವರಿಗೆ ಊಟ ಸೇರದಂತೆ ಮಾಡುತ್ತಿತ್ತು. ಒಂದು ದಿನ, ಪಿಕಪ್ ಗಾಡಿ ಓಡಿಸುವ ತಮ್ಮನನ್ನು ಕೂರಿಸಿಕೊಂಡು ಕೇಳಿದರು.

"ಲೋ, ಮರಿ ಬದಲು ಪೆಟ್ಟಿಗೇನೇ ತಗೊಂಡು ಹೋದ್ರೆ ಹೇಗೆ? ಅಲ್ಲೇ ಹೋಗಿ ಒಡೀಲಿ."

"ಅಕ್ಕಾ, ದಾರೀಲಿ ಕರೆಂಟು ಎಲ್ಲಿಂದ ತರ್ತೀಯ? ಭಾವನ್ನ ಮೊಟ್ಟೆ ಮೇಲೆ ಕೂರಿಸ್ತೀಯಾ?"

ಒಳಗಿದ್ದ ಭಾವನಿಗೂ ಅದು ಕೇಳಿಸಿ ನಗು ತಡೆಯಲಾಗಲಿಲ್ಲ. ಆದರೂ ವಾರದೊಳಗೆ ತಮ್ಮನೇ ಮುಚ್ಚಿಗೆಯ ಹಳೆಯ ಟ್ರೈಲರ್ ಒಂದನ್ನು ಎಳೆದು ತಂದ. ಅದರೊಳಗೆ ದೊಡ್ಡ ಬ್ಯಾಟರಿ ಇಟ್ಟು, ಹಿಂದಿನ ದೀಪಕ್ಕೆ ಹೋಗುವ ವೈರಿನಿಂದಲೇ ಪಿಕಪ್‌ಗೆ ಜೋಡಿಸಿದ. "ಇಂಜಿನ್ ಓಡ್ತಾ ಇದ್ರೆ ಬ್ಯಾಟರಿ ತಾನಾಗೇ ತುಂಬುತ್ತೆ," ಎಂದು ಎದೆ ತಟ್ಟಿಕೊಂಡ.

ತುಂಬಲಿಲ್ಲ. ಖಾಲಿ ಪೆಟ್ಟಿಗೆ ಚಾಲೂ ಇಟ್ಟು ಬೆಳಗಿನಿಂದ ಸುತ್ತಾಡಿ ಬಂದರೆ, ಬ್ಯಾಟರಿ ಹೊರಟಾಗಿನದಕ್ಕಿಂತ ಸೊರಗಿತ್ತು. ಇಬ್ಬರೂ ಬ್ಯಾಟರಿ ಅಂಗಡಿಗೆ ಹೋದರು. ಅಂಗಡಿಯಾಕೆ ಮೀಟರ್ ಹಿಡಿದು ಮೊದಲು ಪಿಕಪ್ ಬಳಿ ನೋಡಿದಳು, ಆಮೇಲೆ ಟ್ರೈಲರ್ ಬಳಿ.

"ಅಲ್ಲಿ ಹದಿನಾಲ್ಕು ವೋಲ್ಟ್ ಇದೆ, ಇಲ್ಲಿಗೆ ಬರೋ ಅಷ್ಟರಲ್ಲಿ ಹನ್ನೆರಡೂವರೆ. ಕಡ್ಡಿಯಂಥ ವೈರು, ಉದ್ದ ಬೇರೆ. ಸಣ್ಣ ಪೈಪಲ್ಲಿ ದೂರದ ತೊಟ್ಟಿಗೆ ನೀರು ಬಿಟ್ಟ ಹಾಗೆ ಆಯ್ತು."

ಹೆಬ್ಬೆರಳು ಗಾತ್ರದ ಕೇಬಲ್ ಬಂತು. ಎರಡೂ ತುದಿಗೆ ಫ್ಯೂಸ್ ಕೂತಿತು. ಇಂಜಿನ್ ಆಫ್ ಆದ ಕೂಡಲೇ ಎರಡು ಬ್ಯಾಟರಿಗಳನ್ನೂ ಬೇರ್ಪಡಿಸುವ ರಿಲೇಯನ್ನು ಆಕೆಯೇ ಹಾಕಿಕೊಟ್ಟಳು, ಇಲ್ಲದಿದ್ದರೆ ಕಾವುಪೆಟ್ಟಿಗೆ ಪಿಕಪ್ಪಿನ ಬ್ಯಾಟರಿಯನ್ನೂ ಹೀರಿಬಿಡುತ್ತಿತ್ತು. ಕಾವಕ್ಕ ಹಟ ಹಿಡಿದು ಟ್ರೈಲರ್ ಸೂರಿಗೊಂದು ಸೋಲಾರ್ ಹಲಗೆ ಹಾಕಿಸಿದರು. ಗೋಡೆ ಪ್ಲಗ್ಗಿಗೆ ಹಾಕುವ ಚಾರ್ಜರನ್ನೂ ಚೀಲಕ್ಕೆ ಸೇರಿಸಿಕೊಂಡರು.

ಮೊದಲ ಪ್ರಯಾಣ. ಪೆಟ್ಟಿಗೆ ತುಂಬ ಮರುದಿನ ಒಡೆಯಬೇಕಾದ ಮೊಟ್ಟೆಗಳು. ಗುಡ್ಡದ ಮೇಲೆ ಹೊಸದಾಗಿ ಕೋಳಿ ಸಾಕಲು ಹೊರಟ ದಂಪತಿ ಕಾಯುತ್ತಿದ್ದರು. ಗಾಡಿ ಓಡುತ್ತಿದ್ದಷ್ಟು ಹೊತ್ತೂ ಬ್ಯಾಟರಿ ಚೆನ್ನಾಗಿ ತುಂಬಿಕೊಳ್ಳುತ್ತಿತ್ತು. ಕಾವಕ್ಕ ಹಾಡು ಗುನುಗುತ್ತಿದ್ದರು. ನದಿ ಹತ್ತಿರ ಬಂದರೆ ಸಾಲುಗಟ್ಟಿ ವಾಹನ! ಸೇತುವೆಯ ಕಬ್ಬಿಣದ ಬೆಸುಗೆ ಬಿಟ್ಟುಕೊಂಡು ರಿಪೇರಿ ನಡೆಯುತ್ತಿತ್ತು.

ಗಂಟೆಗಟ್ಟಲೆ ನಿಂತರು. ಇಂಜಿನ್ ನಿಂತಿತ್ತು, ಪೆಟ್ಟಿಗೆಯ ಹೀಟರ್ ಮಾತ್ರ ಬ್ಯಾಟರಿ ತಿನ್ನುತ್ತಲೇ ಇತ್ತು. ಕಾವಕ್ಕ ಸೋಲಾರ್ ವೈರಿಗೆ ಕೂರಿಸಿದ್ದ ಮೀಟರ್ ನೋಡಿದರು. ಬಿಸಿಲು ಸುಡುತ್ತಿದ್ದರೂ ಸೋಲಾರಿನಿಂದ ಏನೂ ಬರುತ್ತಿಲ್ಲ! ತಲೆ ಎತ್ತಿದರೆ ಪಕ್ಕದ ಮರಳು ಲಾರಿಯ ನೆರಳು ಅರ್ಧ ಹಲಗೆಯನ್ನು ನುಂಗಿತ್ತು, ಅಷ್ಟಕ್ಕೇ ಇಡೀ ಹಲಗೆ ಸತ್ತಂತಾಗಿತ್ತು.

"ಅಣ್ಣಾ, ಸ್ವಲ್ಪ ಹಿಂದೆ ತಗೋತೀರಾ? ಮರಿಗಳಿವೆ!"

"ಮರೀನಾ? ಎಲ್ಲಿ?" ಎನ್ನುತ್ತಲೇ ಲಾರಿಯವನು ಹಿಂದೆ ಸರಿಸಿದ. ಮೀಟರ್ ಮುಳ್ಳು ಜಿಗಿಯಿತು. ಹಲಗೆಯ ಬೋಲ್ಟ್ ಬಿಚ್ಚಿದ ತಮ್ಮ, ಅದನ್ನು ಪಿಕಪ್ ಬಾನೆಟ್ಟಿಗೆ ಒರಗಿಸಿ ಸೂರ್ಯನ ಮುಖಕ್ಕೆ ತಿರುಗಿಸಿದ. ಮುಳ್ಳು ಇನ್ನಷ್ಟು ಏರಿತು. ಕಾವಕ್ಕ ಚಪ್ಪಾಳೆ ತಟ್ಟಿದರು.

ಆಗ ಕೇಳಿಸಿತು. ಚಿಂವ್.

"ಲೋ! ಇವತ್ತೇ ಶುರು ಮಾಡ್ಕೊಂಡ್ವು ಕಣೋ!"

ಪೆಟ್ಟಿಗೆಯ ಗಾಜಿನೊಳಗೆ ಒಂದು ಮೊಟ್ಟೆ ಬಿರುಕು ಬಿಟ್ಟಿತ್ತು. ಲಾರಿಯವನು ಬಂದು ಇಣುಕಿದ. ಬಸ್ಸಿನಿಂದ ಜನ ಇಳಿದು ಬಂದರು. ಒಬ್ಬಾಕೆ ಮುಚ್ಚಳಕ್ಕೆ ಕೈ ಹಾಕಿದ್ದೇ, "ತೆಗೀಬೇಡಿ, ಹಸಿ ಆರಿದ್ರೆ ಮರಿ ಚಿಪ್ಪಿಗೆ ಅಂಟ್ಕೊಳ್ಳುತ್ತೆ!" ಎಂದು ಕಾವಕ್ಕ ಅಡ್ಡ ನಿಂತರು. ಅಷ್ಟರಲ್ಲೇ ಮೋಡ ಕವಿಯಿತು. ಮುಳ್ಳು ಮಲಗಿತು. ಇಂಜಿನ್ ಚಾಲೂ ಮಾಡಿದ ತಮ್ಮ, ಆದರೆ ನಿಂತಲ್ಲೇ ಗುರುಗುಟ್ಟುವ ಆ ಹಳೇ ಇಂಜಿನ್ನಿನಿಂದ ಬಂದದ್ದು ಅಷ್ಟಕ್ಕಷ್ಟೆ.

ಕಾವಕ್ಕ ಸುತ್ತ ಕಣ್ಣಾಡಿಸಿದರು. ಸೇತುವೆ ತುದಿಯಲ್ಲಿ ವೆಲ್ಡರಿನ ಜನರೇಟರ್ ಗುಡುಗುತ್ತಿತ್ತು. ಚಾರ್ಜರ್ ಬಗಲಿಗೆ ಸಿಕ್ಕಿಸಿಕೊಂಡು, ಸೆರಗು ಬಿಗಿದು, ಓಡಿದರು.

"ಒಂದು ಪ್ಲಗ್ ಕೊಡಿ ಸ್ವಾಮಿ, ಮೊಟ್ಟೆ ಒಡೀತಾ ಇದೆ!"

ವೆಲ್ಡರ್ ಮುಖಕವಚ ಎತ್ತಿ, ಅವರನ್ನೊಮ್ಮೆ, ಅವರ ಕೈಯ ಚಾರ್ಜರನ್ನೊಮ್ಮೆ ನೋಡಿದ. "ಹೇಗೂ ಊಟದ ಹೊತ್ತು. ಆಫ್ ಮಾಡದೆ ಬಿಡ್ತೀನಿ, ಹಾಕ್ಕೊಳ್ಳಿ."

ಗಾಡಿಯನ್ನು ಹತ್ತಿರ ತರಲು ಸಾಲಿನವರೆಲ್ಲ ಜಾಗ ಬಿಟ್ಟರು. ಚಾರ್ಜರಿನ ಹಸಿರು ದೀಪ ಹತ್ತಿದಾಗ ಬಸ್ಸಿನವರು ಹೋ ಎಂದರು. ಒದ್ದೆ ಮುದ್ದೆಯಂಥ ಮೊದಲ ಮರಿ ಚಿಪ್ಪನ್ನು ಒದ್ದು ಹೊರಬಿದ್ದಿತು. ಬೆನ್ನಲ್ಲೇ ಇನ್ನೊಂದು, ಮತ್ತೊಂದು. ವೆಲ್ಡರ್ ಊಟದ ಡಬ್ಬಿ ಕೈಯಲ್ಲೇ ಹಿಡಿದು ಗಾಜಿಗೆ ಮೂಗು ಒತ್ತಿ ನಿಂತ.

"ಅಕ್ಕಾ, ಇವ್ರು ಊಟ ಮುಗಿಸೋದು ಯಾವಾಗ, ನಾವು ದಾಟೋದು ಯಾವಾಗ!" ಎಂದು ತಮ್ಮ ನಕ್ಕ. ಅವನ ಕಣ್ಣು ಒದ್ದೆಯಾಗಿತ್ತು.

ಸಂಜೆಗೆ ಸೇತುವೆ ತೆರೆಯಿತು. ಪೆಟ್ಟಿಗೆಯೊಳಗೆ ಅಷ್ಟೂ ಮರಿಗಳು ಆರಿ ಹತ್ತಿಯಂತೆ ಉಬ್ಬಿದ್ದವು. ಗುಡ್ಡದ ದಂಪತಿ ಮುಚ್ಚಳ ತೆಗೆದಾಗ ಒಂದೂ ಸತ್ತಿರಲಿಲ್ಲ. ಹೆಂಡತಿ ಒಂದು ಮರಿಯನ್ನು ಬೊಗಸೆಯಲ್ಲಿಟ್ಟುಕೊಂಡು, "ಬಾತುಕೋಳಿ ಮೊಟ್ಟೇನೂ ಹೀಗೇ ತರೋಕೆ ಆಗುತ್ತಾ?" ಎಂದು ಕೇಳಿದಳು.

"ಯಾಕಾಗಲ್ಲ?" ಎಂದರು ಕಾವಕ್ಕ, ತಮ್ಮನು ಬಾಯಿ ತೆರೆಯುವ ಮೊದಲೇ.